ಶಟರ್ ಕೌಂಟ್ ಕಡಿಮೆ ಇದ್ದರೆ ಹಳೇ ಕ್ಯಾಮೆರಾವನ್ನು ಕಣ್ಣು ಮುಚ್ಚಿ ಕೊಳ್ಳಬಹುದೇ?

ಇಂಥದೊಂದು ಫಾರ್ವರ್ಡ್ ನಿಮಗೂ ಬಂದಿರಬಹುದು: "ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ತಗೊಳ್ಳೋರು ಗಮನಿಸಿ! ಶಟರ್ ಕೌಂಟ್ 10 ಸಾವಿರದ ಒಳಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ, ಹೊಸದಿದ್ದ ಹಾಗೇ. ಮೆಗಾಪಿಕ್ಸೆಲ್ ಜಾಸ್ತಿ ಇದ್ದಷ್ಟೂ ಒಳ್ಳೇದು. ಲೆನ್ಸ್‌ಗೆ ಫಂಗಸ್ ಬಂದಿದ್ದರೆ ಎರಡು ದಿನ ಅಕ್ಕಿ ಡಬ್ಬದಲ್ಲಿಡಿ, ಹೋಗುತ್ತೆ. ಎಲ್ಲರಿಗೂ ಶೇರ್ ಮಾಡಿ."

ಇದನ್ನು ನಮಗೆ ಕಳಿಸಿದವರು ಶಿರಸಿ ಕಡೆಯ ಓದುಗರೊಬ್ಬರು. ಅಡಿಕೆ ಕೊಯ್ಲಿನ ಕೆಲಸದಲ್ಲಿ ಉಳಿಸಿದ 18 ಸಾವಿರ ರೂಪಾಯಿ ಕೈಲಿದೆ. ಊರಿನ ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆದು ಒಂದಿಷ್ಟು ಸಂಪಾದಿಸಬೇಕೆಂಬ ಆಸೆ. ಮೊಬೈಲ್‌ನಲ್ಲಿ ಕಂಡ ಜಾಹೀರಾತಿನಲ್ಲಿ ಹುಬ್ಬಳ್ಳಿಯ ಒಬ್ಬರು ಕ್ಯಾನನ್ 1300ಡಿ ಕ್ಯಾಮೆರಾವನ್ನು 18-55 ಲೆನ್ಸ್ ಸಮೇತ 17,500ಕ್ಕೆ ಕೊಡುತ್ತೇವೆ ಎಂದಿದ್ದಾರೆ. "ಶಟರ್ ಕೌಂಟ್ ಬರೀ 6,012" ಎಂದು ಸ್ಕ್ರೀನ್‌ಶಾಟನ್ನೂ ಹಾಕಿದ್ದಾರೆ. ಇನ್ನಿಬ್ಬರು ಕಾಯುತ್ತಿದ್ದಾರೆ, ಇವತ್ತೇ 2,000 ಅಡ್ವಾನ್ಸ್ ಹಾಕಿ ಎನ್ನುತ್ತಿದ್ದಾರೆ. "ಹಾಕಲಾ?" ಎಂಬುದು ನಮ್ಮ ಓದುಗರ ಪ್ರಶ್ನೆ.

ಹಾಕಬೇಡಿ, ಮೊದಲು ಇದನ್ನು ಓದಿ ಎಂದೆವು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಶಟರ್ ಕೌಂಟ್ ಎಂದರೇನು?

ಡಿಎಸ್ಎಲ್ಆರ್ ಒಳಗೆ ಸೆನ್ಸರ್‌ನ ಮುಂದೆ ತೆಳುವಾದ ಎರಡು ಪರದೆಗಳಿರುತ್ತವೆ. ನೀವು ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಒಂದು ಪರದೆ ಸರಿದು ಬೆಳಕು ಬಿಡುತ್ತದೆ, ಇನ್ನೊಂದು ಬಂದು ಮುಚ್ಚುತ್ತದೆ. ಇಷ್ಟೂ ಸೆಕೆಂಡಿನ ಚೂರಿನಲ್ಲಿ ನಡೆದುಹೋಗುತ್ತದೆ. ಓಡಾಡುವ ಯಾವ ಭಾಗವೂ ಸವೆಯುತ್ತದೆ, ಇದೂ ಹಾಗೆಯೇ. ಹೀಗೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕವೇ ಶಟರ್ ಕೌಂಟ್.

ಕೆಲವು ಮಾದರಿಗಳಿಗೆ ಕಂಪನಿಗಳೇ ಪರೀಕ್ಷೆಯ ಅಂಕೆ ಕೊಡುತ್ತವೆ. ಕ್ಯಾನನ್ 70ಡಿಗೆ 1 ಲಕ್ಷ, ನಿಕಾನ್ ಡಿ7000ಕ್ಕೆ 1.5 ಲಕ್ಷ. ಇದು ಔಷಧಿ ಪಟ್ಟಿಯ ಮೇಲಿನ ಎಕ್ಸ್‌ಪೈರಿ ತಾರೀಖಿನಂತಲ್ಲ. ಆ ಅಂಕೆ ದಾಟಿಯೂ ಆರಾಮಾಗಿ ಓಡುವ ಕ್ಯಾಮೆರಾಗಳಿವೆ, ಅದಕ್ಕಿಂತ ಮೊದಲೇ ಕೈಕೊಟ್ಟವೂ ಇವೆ. ಮದುವೆ ಫೋಟೊ ತೆಗೆಯುವವರು ಒಂದೇ ಮದುವೆಯಲ್ಲಿ ಎರಡು-ಮೂರು ಸಾವಿರ ಸಲ ಒತ್ತುವುದುಂಟು. ಹಾಗಾಗಿ 80-90 ಸಾವಿರ ದಾಟಿದ ಅಗ್ಗದ ಬಾಡಿ ಕೊಳ್ಳುವ ಮುನ್ನ ಯೋಚಿಸಬೇಕಾದ್ದೇ. ಶಟರ್ ಬದಲಿಸಬಹುದು, ಆದರೆ ಇಂಥ ಕ್ಯಾಮೆರಾಕ್ಕೆ ಅಷ್ಟು ಖರ್ಚು ಮಾಡುವುದು ಲಾಭದ ಮಾತಲ್ಲ. ಇಷ್ಟರಮಟ್ಟಿಗೆ ಫಾರ್ವರ್ಡ್ ಹೇಳುವುದರಲ್ಲಿ ಹುರುಳಿದೆ.

ಆ 6,012 ಎಲ್ಲಿಂದ ಬಂತು?

ನಮ್ಮ ಓದುಗರು ಕಳಿಸಿದ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ನೋಡಿದೆವು. ಅದರಲ್ಲಿದ್ದದ್ದು ಶಟರ್ ಕೌಂಟ್ ಅಲ್ಲವೇ ಅಲ್ಲ, ಫೋಟೊ ಫೈಲಿನ ಹೆಸರು: ಐಎಂಜಿ_6012. ಕ್ಯಾನನ್‌ನಲ್ಲಿ ಈ ಸಂಖ್ಯೆ 9999ರವರೆಗೆ ಹೋಗಿ ಮತ್ತೆ 0001ರಿಂದ ಶುರುವಾಗುತ್ತದೆ. ಮೆನುವಿನಲ್ಲಿ ಬೇಕೆಂದಾಗ ಮೊದಲಿನಿಂದ ಎಣಿಸುವಂತೆಯೂ ಮಾಡಬಹುದು. ಅಂದರೆ 6012 ಎಂಬ ಹೆಸರಿನ ಫೋಟೊ ಆರು ಸಾವಿರದ್ದೂ ಇರಬಹುದು, ಇಪ್ಪತ್ತಾರು ಸಾವಿರದ್ದೂ ಇರಬಹುದು, ಐವತ್ತಾರು ಸಾವಿರದ್ದೂ ಇರಬಹುದು. ಮಾರುವವರು ಬೇಕಂತಲೇ ಮೋಸ ಮಾಡಿದ್ದರು ಎನ್ನುವಂತಿಲ್ಲ. ಎಷ್ಟೋ ಮಂದಿ ಅದನ್ನೇ ಕೌಂಟ್ ಎಂದು ನಂಬಿರುತ್ತಾರೆ.

ನಿಜವಾದ ಕೌಂಟ್ ತಿಳಿಯುವುದು ನಿಕಾನ್‌ನಲ್ಲಿ ಸುಲಭ. ಅದು ಪ್ರತಿ ಫೋಟೊದ ಒಳಗಿನ ಮಾಹಿತಿಯಲ್ಲೇ ಕೂತಿರುತ್ತದೆ. ಮೂಲ ಫೋಟೊವನ್ನು ಅದನ್ನು ಓದುವ ವೆಬ್‌ಸೈಟಿಗೆ ಹಾಕಿದರೆ ಅಂಕೆ ಸಿಗುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಕಳಿಸುವಂತೆ ಕಳಿಸಿದರೆ ಆ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಬೇಕು. ಕ್ಯಾನನ್‌ನ ಆರಂಭಿಕ ಮಾದರಿಗಳು ಕೌಂಟನ್ನು ಫೋಟೊದೊಳಗೆ ಬರೆಯುವುದಿಲ್ಲ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಬೇರೆ ತಂತ್ರಾಂಶದಿಂದ ಓದಬೇಕು, ಆ ತಂತ್ರಾಂಶಗಳೂ ಎಲ್ಲ ಮಾದರಿಗೆ ನಡೆಯುವುದಿಲ್ಲ.

ಕೌಂಟ್ ನಿಜವೇ ಆಗಿದ್ದರೂ ಅದು ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ವಿಡಿಯೊ ಮಾಡುವಾಗ ಶಟರ್ ಒಂದು ಸಲ ತೆರೆದುಕೊಂಡು ಹಾಗೇ ನಿಲ್ಲುತ್ತದೆ. ನಾಲ್ಕು ತಾಸಿನ ಮುಹೂರ್ತ, ಊಟ, ಆರತಕ್ಷತೆಗಳನ್ನೆಲ್ಲ ಸೆರೆಹಿಡಿದರೂ ಕೌಂಟ್ ಏರುವುದು ಬೆರಳೆಣಿಕೆಯಷ್ಟು. ಅಷ್ಟು ಹೊತ್ತೂ ಸೆನ್ಸರ್, ಪರದೆ, ಬ್ಯಾಟರಿ ಕಾಯುತ್ತಲೇ ಇರುತ್ತವೆ. ದಿನವಿಡೀ ಇಂಜಿನ್ ಆನ್ ಇಟ್ಟು ಸ್ಟ್ಯಾಂಡಿನಲ್ಲೇ ನಿಲ್ಲಿಸಿದ ಆಟೊದ ಕಿಲೋಮೀಟರ್ ಮೀಟರ್ ನೋಡಿದಂತೆ ಇದು. ಕಡಿಮೆ ಕೌಂಟಿನ ಕ್ಯಾಮೆರಾ ಎದುರಾದರೆ "ವಿಡಿಯೊಕ್ಕೆ ಬಳಸಿದ್ದೀರಾ?" ಎಂದು ಕೇಳಿಬಿಡಿ.

ದುಡ್ಡು ನುಂಗುವುದು ಲೆನ್ಸ್‌ನ ಬೂಸ್ಟು

ಫಾರ್ವರ್ಡ್‌ನಲ್ಲಿ ನಮಗೆ ಹೆಚ್ಚು ಸಿಟ್ಟು ಬರಿಸಿದ್ದು ಅಕ್ಕಿ ಡಬ್ಬದ ಮಾತು. ಕರಾವಳಿ, ಮಲೆನಾಡಿನಲ್ಲಿ ಹಳೇ ಕ್ಯಾಮೆರಾ ಕೊಳ್ಳುವವರು ಮೊದಲು ನೋಡಬೇಕಾದ್ದು ಬೂಸ್ಟನ್ನು, ಆಮೇಲೆ ಉಳಿದದ್ದು.

ಮಳೆಗಾಲದಲ್ಲಿ ಅಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ 80 ಶೇಕಡಕ್ಕಿಂತ ಮೇಲಿರುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೆ, ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುವ ಹಾಗೆಯೇ ಬ್ಯಾಗಿನೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಲೆನ್ಸ್‌ಗೂ ಹಿಡಿಯುತ್ತದೆ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು ಅದಕ್ಕೆ ಆಹಾರ. ಜೇಡರ ಬಲೆಯ ಎಳೆಗಳಂತೆ ಅಂಚಿನಿಂದ ಒಳಕ್ಕೆ ಹರಡುತ್ತದೆ. ಬೆಳೆಯುತ್ತಾ ಅದು ಆಮ್ಲ ಸೂಸುತ್ತದೆ, ಆ ಆಮ್ಲ ಗಾಜಿನ ಮೇಲಿನ ತೆಳು ಲೇಪವನ್ನು ಕೊರೆಯುತ್ತದೆ. ಒಮ್ಮೆ ಕೊರೆದ ಮೇಲೆ ಬೂಸ್ಟನ್ನು ಒರೆಸಿ ತೆಗೆದರೂ ಅದರ ಗುರುತು ಉಳಿಯುತ್ತದೆ. ಎದುರು ಬೆಳಕಿನಲ್ಲಿ ತೆಗೆದ ಫೋಟೊಗಳೆಲ್ಲ ಮಂಜು ಕವಿದಂತೆ ಬರುತ್ತವೆ.

ಇದಕ್ಕೆ ಅಕ್ಕಿ ಏನು ಮಾಡೀತು? ಒಣಗಿಸಿದ ಅಕ್ಕಿಯಲ್ಲೇ ತೂಕದ ಸುಮಾರು 12ರಿಂದ 14 ಶೇಕಡ ನೀರಿರುತ್ತದೆ. ತೇವ ಎಳೆಯುವ ಶಕ್ತಿ ಅದಕ್ಕೆ ಅಷ್ಟಕ್ಕಷ್ಟೆ, ಮೇಲಾಗಿ ಅದರ ಹಿಟ್ಟು ಲೆನ್ಸ್‌ನ ಸಂದುಗಳಿಗೆ ಹೋಗಿ ಕೂರುತ್ತದೆ. ಈಗಾಗಲೇ ಬೆಳೆದ ಬೂಸ್ಟನ್ನಂತೂ ಅಕ್ಕಿ ಕರಗಿಸುವುದಿಲ್ಲ. ಬಿಸಿಲಿಗೆ ಇಡಿ ಎನ್ನುವವರೂ ಇದ್ದಾರೆ. ಬಿಸಿಲು ಒಂದಷ್ಟು ಬೂಸ್ಟನ್ನು ಸಾಯಿಸಬಹುದು, ಆದರೆ ಕೊರೆದ ಗುರುತು ಅಲ್ಲೇ ಇರುತ್ತದೆ. ಲೆನ್ಸ್ ಎಂದರೆ ಭೂತಗನ್ನಡಿ ಎಂಬುದನ್ನೂ ಮರೆಯಬೇಡಿ. ಸೂರ್ಯನಿಗೆ ನೇರ ಮುಖ ಮಾಡಿಟ್ಟರೆ ಒಳಗಿನ ಭಾಗವೋ ಹತ್ತಿರದ ಬಟ್ಟೆಯೋ ಸುಡಬಹುದು.

ನಾವೂ ಒಮ್ಮೆ ಇದರಲ್ಲಿ ಬಿದ್ದವರೇ. ಸಂಜೆ ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿ ಕೊಂಡ ಲೆನ್ಸ್ ಮನೆಗೆ ತಂದು ಕಿಟಕಿಗೆ ಹಿಡಿದಾಗ ಒಳಗೆ ಬೇರು ಬಿಟ್ಟಿತ್ತು. ವಾಪಸು ತಗೊಳ್ಳಲಿಲ್ಲ.

ಪರೀಕ್ಷೆ ಸರಳ, ಬೇಕಾದ್ದು ನಿಮ್ಮ ಫೋನಿನ ಟಾರ್ಚ್ ಮಾತ್ರ. ಲೆನ್ಸ್ ಕಳಚಿ, ಎರಡೂ ಮುಚ್ಚಳ ತೆಗೆದು, ಒಂದು ಬದಿಯಿಂದ ಬೆಳಕು ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ನಿಕಾನ್‌ನ ಹೆಚ್ಚಿನ ಲೆನ್ಸ್‌ಗಳಲ್ಲಿ ಕಳಚಿದಾಗ ಒಳಗಿನ ಎಲೆಗಳು ಮುಚ್ಚಿಕೊಂಡಿರುತ್ತವೆ. ಹಿಂಬದಿಯ ಪುಟ್ಟ ಲಿವರನ್ನು ಬೆರಳಿನಿಂದ ಸರಿಸಿದರೆ ತೆರೆಯುತ್ತವೆ. ನಾಲ್ಕಾರು ಧೂಳಿನ ಕಣ ಕಂಡರೆ ಗಾಬರಿ ಬೇಡ, ಅವು ಫೋಟೊದಲ್ಲಿ ಕಾಣುವುದಿಲ್ಲ. ಮುಂದಿನ ಗಾಜಿನ ಸಣ್ಣ ಗೀರೂ ಅಷ್ಟೇನೂ ತೊಂದರೆಯಲ್ಲ. ಎಳೆ ಎಳೆಯಾಗಿ ಬಲೆಯಂತೆ ಕಂಡರೆ ಮಾತ್ರ ಆ ಲೆನ್ಸ್ ಬಿಟ್ಟುಬಿಡಿ.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. 2008ರಲ್ಲಿ ಬಂದ ನಿಕಾನ್ ಡಿ90ಯದು ಬರೀ 12 ಮೆಗಾಪಿಕ್ಸೆಲ್. ಅದರ ಫೋಟೊವನ್ನು 12x18 ಇಂಚಿನ ಆಲ್ಬಂ ಹಾಳೆಗೆ ಹಾಕಿದರೂ ಒಂದು ಇಂಚಿಗೆ ಸುಮಾರು 238 ಚುಕ್ಕಿ ಸಿಗುತ್ತವೆ, ಕಣ್ಣಿಗೆ ಅಷ್ಟು ಧಾರಾಳ. ನಾಮಕರಣದ ಫೋಟೊಗೆ 1300ಡಿಯ 18 ಮೆಗಾಪಿಕ್ಸೆಲ್ ಬೇಕಾದಷ್ಟಾಯಿತು. ಇನ್ನು "ಡಿಎಸ್ಎಲ್ಆರ್ ಕಾಲ ಮುಗೀತು" ಎನ್ನುವವರ ಮಾತೂ ಪೂರ್ತಿ ಸುಳ್ಳಲ್ಲ. 2018ರಿಂದ ಕ್ಯಾನನ್, ನಿಕಾನ್ ಎರಡೂ ಕನ್ನಡಿಯಿಲ್ಲದ ಹೊಸ ಸಾಲಿನತ್ತ ಹೊರಳಿವೆ. ಅಗ್ಗಕ್ಕೆ ಕೊಳ್ಳುವವರಿಗೆ ಅದೇ ಒಳ್ಳೆಯ ಸುದ್ದಿ, ಹೊಸದಕ್ಕೆ ಬದಲಾದವರು ಹಳೆಯದನ್ನು ಮಾರುತ್ತಿದ್ದಾರೆ.

ನೋಡಲು ಹೋದಾಗ

ಹಗಲಲ್ಲೇ ಹೋಗಿ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ, ತೆಗೆದ ಫೋಟೊಗಳನ್ನು ಆಮೇಲೆ ನಿಧಾನವಾಗಿ ನೋಡಬಹುದು. ಲೆನ್ಸ್‌ನ ಎಫ್ ಸಂಖ್ಯೆಯನ್ನು 22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ. ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಧೂಳನ್ನು ತೆಗೆಸಬಹುದು, ಗೀರು ಬಿದ್ದಿದ್ದರೆ ಅದಕ್ಕೆ ಮದ್ದಿಲ್ಲ. ಅದೇ ಎಫ್ 22ರಲ್ಲೇ ಜೂಮನ್ನು 18ರಿಂದ 55ರವರೆಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಪ್ರತಿ ಹಂತದಲ್ಲೂ ಒಂದೊಂದು ಫೋಟೊ ತೆಗೆಯಿರಿ. ಹಳೇ ಕಿಟ್ ಲೆನ್ಸ್‌ಗಳ ಒಳಗಿನ ಪಟ್ಟಿ ಕೇಬಲ್ ಸವೆದಿದ್ದರೆ ಯಾವುದೋ ಒಂದು ಹಂತದಲ್ಲಿ ಕ್ಯಾನನ್ ಪರದೆ 'ಎರರ್ 01' ಎನ್ನುತ್ತದೆ. ಎಫ್ ಸಂಖ್ಯೆ ಚಿಕ್ಕದಿದ್ದಾಗ ಇದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಫ್ಲ್ಯಾಶ್ ಹಾರಿಸಿ, ಎಲ್ಲ ಗುಂಡಿ ಒತ್ತಿ, ಐದು ನಿಮಿಷ ವಿಡಿಯೊ ಮಾಡಿ ಬ್ಯಾಟರಿ ಎಷ್ಟು ಇಳಿಯಿತೆಂದು ನೋಡಿ.

ನಿಕಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು 50 ಎಂಎಂ ಎಫ್1.8 'ಡಿ' ಲೆನ್ಸ್ ಕೊಂಡರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. 'ಎಎಫ್-ಎಸ್' ಎಂದು ಬರೆದದ್ದನ್ನೇ ಕೇಳಿ.

ಬಿಲ್ ಕೇಳಿ, ಬಾಡಿಯ ತಳದ ಸೀರಿಯಲ್ ನಂಬರ್ ಜೊತೆ ತಾಳೆ ನೋಡಿ. ಬಿಲ್ ಇಲ್ಲವೆಂದರೆ ಮಾರುವವರ ಸಹಿಯಿರುವ ಒಂದು ಚೀಟಿಯಾದರೂ ಬರೆಸಿಕೊಳ್ಳಿ. ಕದ್ದ ಮಾಲಾಗಿದ್ದರೆ ನಾಳೆ ಠಾಣೆಯ ಬಾಗಿಲಲ್ಲಿ ನಿಲ್ಲುವವರು ನೀವು.

ಅಡ್ವಾನ್ಸ್ ಮಾತು

ವಸ್ತು ನೋಡುವ ಮುಂಚೆ ಒಂದು ರೂಪಾಯಿಯನ್ನೂ ಹಾಕಬೇಡಿ. "ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಪಾರ್ಸೆಲ್ ಕಳಿಸುತ್ತೇನೆ" ಎಂದು ಗುರುತಿನ ಚೀಟಿಯ ಫೋಟೊ ತೋರಿಸಿ ದುಡ್ಡು ಕೀಳುವುದು ಹಳೇ ಮೋಸ. ನೀವು ಮಾರುವವರಾಗಿದ್ದರೆ "ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಎನ್ನುತ್ತಾರೆ. ದುಡ್ಡು ಬರಲು ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ನಮ್ಮ ಓದುಗರು ಅಡ್ವಾನ್ಸ್ ಹಾಕಲಿಲ್ಲ. ಮುಂದಿನ ಭಾನುವಾರ ಗೆಳೆಯನ ಜೊತೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು. ಕಾಯುತ್ತಿದ್ದ ಆ ಇನ್ನಿಬ್ಬರು ಬಂದಿರಲಿಲ್ಲ, ಕ್ಯಾಮೆರಾ ಅಲ್ಲೇ ಇತ್ತು. ಮಾರುವವರು ಒಳ್ಳೆಯವರೇ, ಎರಡು ವರ್ಷ ಮದುವೆ ವಿಡಿಯೊಕ್ಕೆ ಬಳಸಿದ್ದಾಗಿ ಕೇಳಿದ ಕೂಡಲೇ ಒಪ್ಪಿಕೊಂಡರು. ಬಾಡಿ ಚೆನ್ನಾಗಿತ್ತು. ಟಾರ್ಚ್ ಹಾಯಿಸಿದಾಗ ಲೆನ್ಸ್‌ನ ಅಂಚಿನಲ್ಲಿ ಬಲೆ ಕಂಡಿತು, ಅವರಿಗೂ ಅದು ಗೊತ್ತಿರಲಿಲ್ಲ. ಬಿಲ್ ಸಮೇತ ಬಾಡಿ ಮಾತ್ರ 10,500ಕ್ಕೆ ಕುದುರಿತು. ಲೆನ್ಸನ್ನು ಎರಡು ವಾರ ಬಿಟ್ಟು ಬೇರೆ ಕಡೆ, ಟಾರ್ಚ್ ಹಾಯಿಸಿಯೇ, 3,000ಕ್ಕೆ ಕೊಂಡರು. ಉಳಿದ ದುಡ್ಡಲ್ಲಿ ಒಂದು ಹೊಸ ಬ್ಯಾಟರಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್ ಬಂದವು. ಮೀಟರಿನ ಮುಳ್ಳು 40ರಿಂದ 50ರ ನಡುವೆ ಇರಲಿ, ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಿ ಎಂದು ಹೇಳಿದ್ದೇವೆ. ಆ ಕ್ಯಾಮೆರಾದ ನಿಜವಾದ ಶಟರ್ ಕೌಂಟ್ ಎಷ್ಟೆಂದು ಕೊನೆಗೂ ಗೊತ್ತಾಗಲಿಲ್ಲ. ಕಳೆದ ತಿಂಗಳು ಅವರು ತೆಗೆದ ಮೊದಲ ನಾಮಕರಣದ ಫೋಟೊಗಳನ್ನು ನಮಗೆ ಕಳಿಸಿದ್ದಾರೆ, ಡಾಕ್ಯುಮೆಂಟ್ ಆಗಿ.