ಒಂದು ವೋಲ್ಟ್ ಎಣಿಸಲು ಒಂದೂವರೆ ಕೋಟಿ ವರ್ಷ!

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ರೆಸಿಸ್ಟರಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದ್ದರೆ, ಅದರ ರೋಧ ಶೇ 5ರಷ್ಟು ಆಚೀಚೆ ಆಗಬಹುದು ಎಂದರ್ಥ. ಐದು ತಾನೇ, ಏನು ಮಹಾ? ಭೂಮಧ್ಯರೇಖೆಯ ಸುತ್ತಳತೆ 40,075 ಕಿ.ಮೀ. ಅದನ್ನು ಇಷ್ಟೇ ಶ್ರದ್ಧೆಯಿಂದ ಅಳೆದರೆ 2,000 ಕಿ.ಮೀ. ತಪ್ಪಬಹುದು, ಬೆಂಗಳೂರಿನಿಂದ ಹಾರಿ ದೆಹಲಿಯನ್ನೂ ದಾಟಿಬಿಡುವಷ್ಟು! ರೇಡಿಯೊ ಹಾಡುವುದಕ್ಕೆ ಅಷ್ಟು ಧಾರಾಳ ಸಾಕು.

ನಿಖರ ಮೀಟರುಗಳ ಹೊಟ್ಟೆಯೊಳಗಿನ ರೆಸಿಸ್ಟರುಗಳ ಜಾತಿಯೇ ಬೇರೆ. ಫೀಲಿಕ್ಸ್ ಝಾಂಡ್‌ಮನ್ ರೂಪಿಸಿದ ಲೋಹದ ಹಾಳೆಯ ರೆಸಿಸ್ಟರುಗಳಲ್ಲಿ ಇಂದಿನ ಉತ್ತಮ ಮಾದರಿಗಳು ಒಂದು ಡಿಗ್ರಿ ಬಿಸಿಯೇರಿದರೆ ಬದಲಾಗುವುದು 50 ಲಕ್ಷದಲ್ಲಿ ಒಂದು ಪಾಲು. ಭೂಮಿಯ ಸುತ್ತಳತೆಯಲ್ಲಿ ಬರೀ 8 ಮೀಟರ್. ಸುಮಾರು 7 ವೋಲ್ಟನ್ನು ಕಾಯುತ್ತ ಕೂರುವ ಎಲ್‌ಟಿಝಡ್‌1000 ಎಂಬ ಝೀನರ್ ಡಯೋಡ್ ಇನ್ನೂ ಹಟಮಾರಿ: 2 ಕೋಟಿಯಲ್ಲಿ ಒಂದು ಪಾಲು, ಅಂದರೆ 2 ಮೀಟರ್!

ಎಚ್‌ಪಿ ಕಂಪನಿಯ 3458ಎ ಮಲ್ಟಿಮೀಟರ್ 12 ವೋಲ್ಟನ್ನು 12 ಕೋಟಿ ಮೆಟ್ಟಿಲುಗಳಾಗಿ ಸೀಳುತ್ತದೆ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೂ ಮುಗಿಯಲು ಮೂರೂಮುಕ್ಕಾಲು ವರ್ಷ ಬೇಕು. 10 ವೋಲ್ಟನ್ನು ಭೂಮಧ್ಯರೇಖೆಯುದ್ದಕ್ಕೂ ಹಾಸಿದರೆ ಅದರ ಒಂದು ಮೆಟ್ಟಿಲು 40 ಸೆಂ.ಮೀ., ಒಂದು ಮೊಳಕ್ಕೂ ಕಡಿಮೆ.

2019ರ ಮೇ 20ರಂದು ಅಂತರರಾಷ್ಟ್ರೀಯ ಅಳತೆಮಾನಗಳ ಹೊಸ ವ್ಯಾಖ್ಯೆ ಜಾರಿಗೆ ಬಂದಾಗ ಜಗತ್ತಿನ ವೋಲ್ಟೇ ಸ್ವಲ್ಪ ಸರಿಯಿತು. ಎಷ್ಟು? ಸುಮಾರು ಕೋಟಿಯಲ್ಲಿ ಒಂದು ಪಾಲು. ಯಾವ ಮನೆಯ ಬಲ್ಬಿಗೂ ಸುದ್ದಿ ಮುಟ್ಟಲಿಲ್ಲ. ಈ ಮೀಟರಿನ ಲೆಕ್ಕದಲ್ಲಿ ಮಾತ್ರ ಅದು 10 ವೋಲ್ಟಿಗೆ ಹತ್ತು ಮೆಟ್ಟಿಲು!

ಆ ವೋಲ್ಟನ್ನು ಪ್ರಯೋಗಾಲಯದಲ್ಲಿ ಮೂಡಿಸುವ ವಿದ್ಯಮಾನವನ್ನು 1962ರಲ್ಲಿ ಮುನ್ನುಡಿದವರು ಬ್ರಯಾನ್ ಜೋಸೆಫ್ಸನ್. ಆಗ ಅವರಿಗೆ 22 ವರ್ಷ. ಅವರ ಸೂತ್ರದಲ್ಲಿ ಒಂದು ವೋಲ್ಟ್ ಎಂದರೆ ಸೆಕೆಂಡಿಗೆ 483 ಲಕ್ಷ ಕೋಟಿ ಕಂಪನ. ಒಂದೇ ಸೆಕೆಂಡಿನ ಕಂಪನಗಳನ್ನು ಸೆಕೆಂಡಿಗೊಂದರಂತೆ ಎಣಿಸಲು ಕೂತರೆ ಒಂದೂವರೆ ಕೋಟಿ ವರ್ಷ ಹಿಡಿಯುತ್ತದೆ. ನಮ್ಮ ಮನುಷ್ಯಜಾತಿಗೆ ಈಗ ಸುಮಾರು 3 ಲಕ್ಷ ವರ್ಷ. ಇಂಥ ಐವತ್ತು ಆಯುಸ್ಸು ಬೇಕು!

ಈ ವಿದ್ಯಮಾನವನ್ನು ಮೂಡಿಸುವ ಸಾಧನಕ್ಕೆ ಜೋಸೆಫ್ಸನ್ ಸಂಧಿ ಎಂದು ಹೆಸರು. ಅಂಥ ಎರಡು ಸಂಧಿಗಳು ನಿಜಕ್ಕೂ ಒಂದೇ ಲೆಕ್ಕ ಹೇಳುತ್ತವೆಯೇ? 1987ರಲ್ಲಿ ಅಮೆರಿಕದ ಭೌತವಿಜ್ಞಾನಿಗಳು ಹೋಲಿಸಿ ನೋಡಿದರು. ವ್ಯತ್ಯಾಸ ಇದ್ದರೂ ಅದು ಒಂದರ ಮುಂದೆ 19 ಸೊನ್ನೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಮೂರು ಪಾಲಿಗಿಂತ ಹೆಚ್ಚಿರಲಾರದು ಎಂದು ತೇಲಿತು. ಅದೇ ಭೂಮಧ್ಯರೇಖೆಯ ಮೇಲೆ ಲೆಕ್ಕ ಹಾಕಿ: 40,075 ಕಿ.ಮೀ.ಗೆ ತಪ್ಪುವುದು ಹೆಚ್ಚೆಂದರೆ ಒಂದು ಪರಮಾಣುವಿನ ಹತ್ತನೇ ಒಂದು ಭಾಗ.