ಕಾರ್ಡು ಆಚೆಯದು, ಆಸ್ಪತ್ರೆ ಈಚೆಯದು: ತಾಳವಾಡಿ ಬೆಟ್ಟದಲ್ಲಿ ಹಾಸಿಗೆ ಹಿಡಿದವರ ಪಾಡು

ತಾಳವಾಡಿ ಸೀಮೆಯ ಹೆಸರು ಪತ್ರಿಕೆಗಳಲ್ಲಿ ಬರುವುದು ಮೂರು ಕಾರಣಕ್ಕೆ. ಆನೆ ತೋಟಕ್ಕೆ ನುಗ್ಗಿದರೆ, ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ಸಗಣಿಯ ಗೋರೆ ಹಬ್ಬ ನಡೆದರೆ, ಇಲ್ಲವೇ ಡಾ. ರಾಜ್‌ಕುಮಾರ್ ಅವರ ಗಾಜನೂರಿನ ಮಾತು ಬಂದರೆ. ಒಳಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿಯೇ ಇರುವವರ ಸುದ್ದಿ ಯಾರಿಗೂ ಬೇಡ. ಲಕ್ವ ಹೊಡೆದ ಅಪ್ಪ, ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮಗ, ಮೂರು ವರ್ಷವಾದರೂ ಕತ್ತು ನಿಲ್ಲದ ಕೂಸು. ಇಂಥವರು ಯಾವ ಊರಲ್ಲಿಲ್ಲ ಹೇಳಿ? ಆದರೆ ಗಡಿಯೂರಲ್ಲಿ ಇವರ ಪಾಡೇ ಬೇರೆ.

ದಾರಿಯ ಲೆಕ್ಕವನ್ನೇ ನೋಡಿ. ತಾಳವಾಡಿಯಿಂದ ನಮ್ಮ ಚಾಮರಾಜನಗರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಕಿ.ಮೀ. ಅಲ್ಲಿ 2016ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ತಮ್ಮದೇ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ನೂರು ಕಿ.ಮೀ.ಗೂ ಮಿಕ್ಕಿದ ಪಯಣ. ಸುತ್ತ ಹುಲಿ ಕಾಡು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೂ ನಿರ್ಬಂಧ ಬಂತು. ಆಂಬುಲೆನ್ಸಿಗೆ ವಿನಾಯಿತಿ ಇದೆ, ನಿಜ. ಆದರೆ ಎದ್ದು ಕೂರಲಾಗದವರಿಗೆ ತಿರುವಿನ ಆ ಕುಲುಕಾಟ ಏನೆಂಬುದು ಹಗಲಾದರೂ ಒಂದೇ, ರಾತ್ರಿಯಾದರೂ ಒಂದೇ. ಎತ್ಕೊಂಡು ಹೋಗೋರು ಯಾರು, ಕೂಲಿ ಬಿಟ್ಟು ಜೊತೇಲಿ ಇರೋರು ಯಾರು?

ಕಾರ್ಡೇನೋ ಇದೆ. ತಮಿಳುನಾಡು 2009ರಲ್ಲೇ ಬಡವರಿಗೆ ಆರೋಗ್ಯ ವಿಮೆ ತಂದ ರಾಜ್ಯ. 2018ರಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯಬಹುದು. ರಾಜ್ಯದ ಪಟ್ಟಿಯಲ್ಲಿ ಮಾತ್ರ ಇರುವವರಿಗೆ ಆ ಅನುಕೂಲ ಇದೆ ಎಂದುಕೊಂಡು ಹೊರಡುವಂತಿಲ್ಲ. ತಮ್ಮದು ಯಾವ ಪಟ್ಟಿ ಎಂದು ಎಷ್ಟು ಮನೆಗೆ ಗೊತ್ತು? ಬಸ್ಸು ಹತ್ತುವ ಮುಂಚೆ ತಾಳವಾಡಿಯಲ್ಲೇ ವಿಚಾರಿಸಿಕೊಳ್ಳುವುದು ಮೇಲು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕಾರ್ಡುಗಳೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ಬೆನ್ನುಹುರಿಗೆ ಪೆಟ್ಟಾದವನು ಆಸ್ಪತ್ರೆಯಲ್ಲಿರುವುದು ಕೆಲವು ವಾರ. ಮನೆಯಲ್ಲಿರುವುದು ಇಡೀ ಜನ್ಮ. ಅವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಹಗಲು ರಾತ್ರಿ ಸೇರಿ ಹನ್ನೆರಡು ಸಲ. ತಪ್ಪಿದರೆ ಬೆನ್ನ ಕೆಳಗಿನ ಮೂಳೆ, ಟೊಂಕ, ಹಿಮ್ಮಡಿಯ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ. ಸ್ಪರ್ಶವಿಲ್ಲದ್ದರಿಂದ ನೋವೂ ತಿಳಿಯದು. ವಾಸನೆ ಬಂದಾಗಲೇ ಗೊತ್ತಾಗುವುದು. ಇಂಥವರ ಜೀವ ತೆಗೆಯುವುದು ಎಷ್ಟೋ ಸಲ ಮೂಲ ಪೆಟ್ಟಲ್ಲ, ಈ ಹುಣ್ಣು ಮತ್ತು ಮೂತ್ರದ ಸೋಂಕು. ಬೆಳಿಗ್ಗೆ ಎದ್ದು ಕೂಲಿಗೆ ಹೋಗಬೇಕಾದ ಹೆಂಗಸು ರಾತ್ರಿ ಆರು ಸಲ ಎದ್ದು ಗಂಡನ ಮಗ್ಗುಲು ತಿರುಗಿಸುವುದಕ್ಕೆ ಯಾವ ವಿಮೆ ಕಂತು ಕಟ್ಟುತ್ತದೆ?

ಮನೆಗೇ ಬರುವ ವೈದ್ಯ

ಇದಕ್ಕೆ ಉತ್ತರವೆಂಬಂತೆ ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಒಂದು ಯೋಜನೆ ಶುರುಮಾಡಿತು. ಅದೂ ಗಡಿ ಜಿಲ್ಲೆಯೇ. ಹೆಸರು ‘ಮಕ್ಕಳೈ ತೇಡಿ ಮರುತ್ತುವಂ’. ಕನ್ನಡದ ಕಿವಿಗೆ ಮಕ್ಕಳ ಯೋಜನೆಯಂತೆ ಕೇಳಿಸುತ್ತದೆ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಎಂದರ್ಥ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮನೆಗೇ ಬರುತ್ತದೆ. ಹಾಸಿಗೆ ಹಿಡಿದವರಿಗೆ ನರ್ಸು, ಕೈಕಾಲು ಬಿಗಿದವರಿಗೆ ಫಿಸಿಯೊಥೆರಪಿಸ್ಟು. ಒಳ್ಳೆಯ ಯೋಜನೆ, ಅನುಮಾನವಿಲ್ಲ. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಸಿಕ್ಕಿತು. ಅದೇ ವರ್ಷ ಕರ್ನಾಟಕವೂ ಕೋಲಾರದಿಂದ ‘ಗೃಹ ಆರೋಗ್ಯ’ ಆರಂಭಿಸಿತು.

ಆದರೆ ಯೋಜನೆಯ ಲೆಕ್ಕದಲ್ಲಿ ಫಿಸಿಯೊಥೆರಪಿಸ್ಟು, ಉಪಶಮನ ಆರೈಕೆಯ ನರ್ಸು ಇಬ್ಬರೂ ಬ್ಲಾಕಿಗೊಬ್ಬರು. ಬಯಲುಸೀಮೆಯ ಬ್ಲಾಕಿಗೂ ಒಬ್ಬರೇ, ತಾಳವಾಡಿಯಂಥ ಬೆಟ್ಟದ ಬ್ಲಾಕಿಗೂ ಒಬ್ಬರೇ. ಇಲ್ಲಿ ಹಾಸನೂರು ಒಂದು ಮೂಲೆ, ತಲಮಲೆ ಇನ್ನೊಂದು ಮೂಲೆ, ನಡುವೆ ಕಾಡು. ಆನೆ ರಸ್ತೆಗಿಳಿಯುವ ಹೊತ್ತಿಗೆ ವಾಪಸಾಗಬೇಕು. ಬಿಗಿದ ಕೈಗೆ ವ್ಯಾಯಾಮ ದಿನಾ ಬೇಕು. ಬರುವವರು ಎಂದೋ ಒಮ್ಮೆ ಬರುವುದಾದರೆ ಮಿಕ್ಕ ದಿನದ ಕೆಲಸವನ್ನು ಮನೆಯವರಿಗೇ ಕಲಿಸಿ ಹೋಗಬೇಕು. ಕಲಿಸಬೇಕೆಂದರೆ ಭಾಷೆ ಬೇಕು.

ಇಲ್ಲಿನ ಜನಕ್ಕೆ ತಮಿಳು ಬರುವುದಿಲ್ಲ ಅಂತಲ್ಲ. ಸಂತೆ, ಕಚೇರಿಗೆ ಸಾಕಾಗುವಷ್ಟು ಬರುತ್ತದೆ. ಆದರೆ ಕಾಲಲ್ಲಿ ಜೋಮೋ, ಉರಿಯೋ, ಸೆಳೆತವೋ ಎಂದು ಬಿಡಿಸಿ ಹೇಳುವುದು ಮನೆಮಾತಿನಲ್ಲೇ. ಮೂರಕ್ಕೂ ಕಾರಣ ಬೇರೆ ಬೇರೆಯಾಗಿರಬಹುದು, ಔಷಧವೂ ಬೇರೆಯಾಗಬಹುದು. ಇನ್ನು ಅರ್ಜಿ, ಚೀಟಿ ಎಲ್ಲ ತಮಿಳಿನಲ್ಲಿ. 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತಾಗಿ ಅಜ್ಜಿಗೆ ಕನ್ನಡ ಓದು, ಮೊಮ್ಮಗನಿಗೆ ತಮಿಳು ಓದು. ಅಜ್ಜನ ಮಾತ್ರೆಯ ಚೀಟಿ ಓದಲು ಹುಡುಗ ಶಾಲೆ ಬಿಟ್ಟು ಬರುವವರೆಗೆ ಕಾಯಬೇಕು. ತಾಲ್ಲೂಕಿನಲ್ಲಿ ಶೇ. 15ರಿಂದ 20ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಲಿ ಎಂದು ಕೇಂದ್ರ ಸರ್ಕಾರ 1956ರಲ್ಲೇ ಹೇಳಿತ್ತು. 2016ರಲ್ಲಿ ಸತ್ಯಮಂಗಲದಿಂದ ಬೇರೆಯಾಗಿ ತಾಲ್ಲೂಕಾದ ತಾಳವಾಡಿಯಲ್ಲಿ ಕನ್ನಡಿಗರದೇ ಬಹುಪಾಲು.

ಗಡಿ ದಾಟುವ ಸೌಲಭ್ಯ

ಗಡಿ ಲೆಕ್ಕಿಸದ ಸವಲತ್ತೂ ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕು ಕಾಯ್ದೆಯಂತೆ ಪ್ರಮಾಣಪತ್ರ ದೇಶವಿಡೀ ಊರ್ಜಿತ. ಮೊದಲು ಏಳೇ ಇದ್ದ ವೈಕಲ್ಯಗಳು ಈಗ 21. ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತದ ಕಾಯಿಲೆಯೂ ಅದರಲ್ಲಿ ಸೇರಿದೆ. ಹಾಡಿಗಳಲ್ಲಿ ಇದನ್ನು ಯಾರಾದರೂ ಕೂತು ಹೇಳಬೇಕು. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂ.ವರೆಗೆ, ಆಸ್ಪತ್ರೆಗೆ ಸೇರಲೇಬೇಕೆಂದಿಲ್ಲ, ಥೆರಪಿಗೂ ಸಿಗುತ್ತದೆ. ಇಂಥದೇ ಆಸ್ಪತ್ರೆ ಎಂಬ ಕಟ್ಟೂ ಇಲ್ಲ, ಬಿಲ್ಲು ಇಟ್ಟುಕೊಂಡರಾಯಿತು. ಕತ್ತು ನಿಲ್ಲದ ಕೂಸನ್ನು ಚಾಮರಾಜನಗರಕ್ಕೆ ಕರೆದೊಯ್ಯುವ ತಾಯಿಗೆ ಇದು ಹೇಳಿಮಾಡಿಸಿದ್ದು. ಲಕ್ವ ಹೊಡೆದ ಅಪ್ಪನಿಗೆ ಮಾತ್ರ ಇದು ಸಿಗದು.

ವೀರಪ್ಪನ್ ಕಾಲದಲ್ಲಿ ಎರಡೂ ರಾಜ್ಯಗಳ ಪೊಲೀಸು ಪಡೆಗಳು ಕೂಡಿ ಇದೇ ಕಾಡು ಅಲೆದವು. ಈಗ ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಮಗ್ಗುಲು ಹೇಗೆ ತಿರುಗಿಸಬೇಕು, ಹುಣ್ಣಿನ ಮೊದಲ ಗುರುತು ಯಾವುದು, ಮೂತ್ರದ ನಳಿಗೆ ಕಟ್ಟಿಕೊಂಡರೆ ಎಲ್ಲಿಗೆ ಹೋಗಬೇಕು ಎಂದು ಚಿತ್ರ ಸಮೇತ ಒಂದು ಹಾಳೆ ಕನ್ನಡದಲ್ಲಿ ಅಚ್ಚಾಗಲಿ. ಬರೆದುಕೊಡುವವರು ಚಾಮರಾಜನಗರದ ಕಾಲೇಜಿನಲ್ಲಿ ಸಿಕ್ಕಾರು. ಮನೆಮನೆಗೆ ಮಾತ್ರೆ ಹೊತ್ತು ಹೋಗುವ ತಮಿಳುನಾಡಿನ ಹೆಣ್ಣುಮಕ್ಕಳ ಚೀಲದಲ್ಲಿ ಅದೂ ಹೋಗಲಿ.