ಗೊಂಬೆಯ ಉಡುಗೆ, ಕೈಯ ಕೂಲಿ

ಆಶ್ವಯುಜ ಶುದ್ಧ ಪಾಡ್ಯದಂದು ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲೆ ಬಿಳಿಯ ವಸ್ತ್ರವನ್ನು ಹಾಸಿ, ಎಲ್ಲಕ್ಕೂ ಮೇಲೆ ರಾಜ-ರಾಣಿಯರ ಪ್ರತೀಕವಾದ ಪಟ್ಟದ ಗೊಂಬೆಗಳ ಜೋಡಿಯನ್ನಿರಿಸಿ, ಸಂಜೆಯ ಹೊತ್ತಿಗೆ ನೆರೆಹೊರೆಯ ಮಕ್ಕಳನ್ನು ಕರೆದು ಆರತಿ ಮಾಡಿ ಬೊಂಬೆ ಬಾಗಿನ ಹಂಚುವ ಹಳೆಯ ಮೈಸೂರು ಸೀಮೆಯ ಸಂಪ್ರದಾಯವನ್ನು ವರ್ಣಿಸಿದವರು ಅನೇಕರು. ಆ ಜೋಡಿ ಉಟ್ಟಿರುವ ಸೀರೆಯ ನಿರಿಗೆಯನ್ನು ಹಿಡಿದವರು ಯಾರು, ಪೇಟವನ್ನು ಸುತ್ತಿದವರು ಯಾರು, ಆ ಶ್ರಮಕ್ಕೆ ಅವರ ಕೈಗೆ ಸಂದದ್ದೆಷ್ಟು ಎಂದು ಕೇಳಿದವರು ಮಾತ್ರ ಕಡಮೆ. ಮನೆಯ ಒಂದು ಕೋಣೆಯಲ್ಲಿ ಕುಳಿತು ಗೊಂಬೆಗಳಿಗೆ ಉಡುಗೆ ಸಿದ್ಧಪಡಿಸಿ ಮಾರುವ ಗೃಹಿಣಿಯರು ಮೈಸೂರು ಬೆಂಗಳೂರುಗಳಲ್ಲಿ ಹಲವರಿದ್ದಾರೆ. ಅವರ ಉದ್ಯಮವು ಗಾತ್ರದಲ್ಲಿ ಅಲ್ಪವಾದರೂ, ಅದು ಬೇಡುವ ಕೌಶಲವಾಗಲಿ ವಿವೇಕವಾಗಲಿ ಅಲ್ಪವಾದುದಲ್ಲ.

ಪಟ್ಟದ ಗೊಂಬೆಯನ್ನು ಮದುವೆಯ ಕಾಲದಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳುಹಿಸುವುದು ವಾಡಿಕೆ. ಉತ್ತಮವಾದ ಜೋಡಿ ಎಂದರೆ ರಕ್ತಚಂದನದ್ದು ಎಂಬ ಭಾವನೆ ಇಂದಿಗೂ ಬಲವಾಗಿದೆ. ಆದರೆ ಕಡಪ, ಚಿತ್ತೂರುಗಳ ಕಡೆಯ ಬೆಟ್ಟಸಾಲಿನಲ್ಲಿ ಸಹಜವಾಗಿ ಬೆಳೆಯುವ, ನೀರಿಗೆ ಹಾಕಿದರೆ ಮುಳುಗುವಷ್ಟು ಸಾಂದ್ರವಾದ ಈ ಮರವು ಕಳ್ಳಸಾಗಣೆಗೆ ಸಿಲುಕಿ ಕ್ಷೀಣಿಸಿದುದರಿಂದ, ವನ್ಯಜೀವಿಗಳ ಹಾಗೂ ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 1995ರಲ್ಲಿ ಸೇರಿತು. ಅಂಗಡಿಗಳಲ್ಲಿ ದೊರೆಯುವ ಜೋಡಿಗಳಲ್ಲಿ ಹಗುರವಾದ ಬೇರೆ ಮರಕ್ಕೆ ಕೆಂಪು ಬಣ್ಣ ಹಚ್ಚಿದವೂ ಉಂಟು. ಇವನ್ನು ಮಾರುವವರು ಮರ ಯಾವುದೆಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳುವುದು ಧರ್ಮ. ತಿಳಿಯದೆ ಕೊಂಡವರು ಮುಂದೆಂದೋ ನಿಜವನ್ನರಿತಾಗ ಕಳೆದುಹೋಗುವ ವಿಶ್ವಾಸವನ್ನು ಯಾವ ಲಾಭವೂ ತುಂಬಿಕೊಡಲಾರದು.

ಕೆತ್ತುವವನು ಕಣ್ಣು, ಮೂಗು, ತುರುಬುಗಳನ್ನು ಮೂಡಿಸಿ ತನ್ನ ಕೆಲಸವನ್ನು ಮುಗಿಸುತ್ತಾನೆ. ಅಲ್ಲಿಂದ ಮುಂದಿನದು ಉಡಿಸುವವಳ ವಿದ್ಯೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ವಿದ್ಯೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಈ ಗೊಂಬೆಗಳ ತೋಳುಗಳು ಒಂದೇ ಮರದಲ್ಲಿ ಮೈಗೆ ಅಂಟಿದಂತೆ ಕೆತ್ತಲ್ಪಟ್ಟಿರುವುದರಿಂದ ಮಗುವಿಗೆ ಅಂಗಿ ತೊಡಿಸಿದಂತೆ ತೋಳು ತೂರಿಸಿ ತೊಡಿಸುವುದು ಸಾಧ್ಯವಿಲ್ಲ. ಕುಪ್ಪಸವನ್ನು ಮುಂದಿನಿಂದ ಸುತ್ತಿ ಬೆನ್ನಿನ ಕಡೆ ದಾರದಿಂದ ಬಿಗಿಯಬೇಕು. ಮನುಷ್ಯರ ಸೀರೆಯ ಅಂಚು ಒಂದು ಗೇಣೆತ್ತರದ ಗೊಂಬೆಯ ಮೇಲೆ ಅರ್ಧ ಮೈಯನ್ನೇ ನುಂಗಿಬಿಡುತ್ತದೆ. ಆದುದರಿಂದ ಅರ್ಧ ಅಂಗುಲಕ್ಕೂ ಕಡಮೆ ಅಗಲದ ಜರಿಯಂಚನ್ನು ಹುಡುಕಿ ತಂದು ಬೇರೆಯಾಗಿ ಹೊಲಿಯಬೇಕಾಗುತ್ತದೆ. ಹೊಸ ರೇಷ್ಮೆ ಬಿರುಸಾಗಿ ಅತ್ತಿತ್ತ ಸೆಟೆದು ನಿಲ್ಲುವುದರಿಂದ, ಬಹುಕಾಲ ಉಟ್ಟು ಮೃದುವಾದ ಹಳೆಯ ರೇಷ್ಮೆ ಸೀರೆಯ ತುಂಡೇ ಈ ಕೆಲಸಕ್ಕೆ ಶ್ರೇಷ್ಠ. ಬಲ್ಲವರು ನಿರಿಗೆಯನ್ನು ಒಂದೊಂದಾಗಿ ಮಡಿಸಿ, ಗುಂಡುಪಿನ್ನಿನಿಂದ ಹಿಡಿದು, ಸೊಂಟದ ಬಳಿ ಹಾಸುಹೊಲಿಗೆ ಹಾಕಿ, ಮೇಲೆ ತೆಳುವಾದ ಬಟ್ಟೆಯನ್ನಿಟ್ಟು ಹದವಾದ ಕಾವಿನಲ್ಲಿ ಇಸ್ತ್ರಿ ಮಾಡುತ್ತಾರೆ.

ರಾಜನ ಉಡುಗೆ ಇದಕ್ಕಿಂತಲೂ ಕಷ್ಟ. ಕಚ್ಚೆಪಂಚೆಯ ಹಿಂಬದಿಯ ಮಡಿಕೆ ದಪ್ಪವಾದರೆ ಗೊಂಬೆ ನೆಟ್ಟಗೆ ನಿಲ್ಲುವುದಿಲ್ಲ. ಪೇಟದ ಸುತ್ತುಗಳು ಸಡಿಲವಾದರೆ ಮೂರನೆಯ ದಿನಕ್ಕೆ ಕಳಚಿ ಕಣ್ಣಿನ ಮೇಲೆ ಬೀಳುತ್ತವೆ. ಅವಸರದವರು ಎಲ್ಲವನ್ನೂ ಗೋಂದಿನಿಂದ ಅಂಟಿಸಿಬಿಡುವುದುಂಟು. ಆ ಗೋಂದು ರೇಷ್ಮೆಯ ಮೇಲೆ ಕಲೆಯಾಗಿ ಉಳಿಯುವುದಲ್ಲದೆ, ಹಿಟ್ಟಿನ ಗೋಂದಾದರೆ ಹುಳುಗಳನ್ನೂ ಬರಮಾಡಿಕೊಳ್ಳುತ್ತದೆ. ಮತ್ತೊಮ್ಮೆ ಹೊಸ ಉಡುಗೆ ತೊಡಿಸಬೇಕಾದರೆ ಹಳೆಯದನ್ನು ಕೆರೆದು ತೆಗೆಯಬೇಕಾಗಿ ಬಂದು ಮರವೂ ಗಾಯಗೊಳ್ಳುತ್ತದೆ. ಪಟ್ಟದ ಗೊಂಬೆ ತಾಯಿಯಿಂದ ಮಗಳಿಗೆ ಸಾಗುವ ವಸ್ತು. ಉಡುಗೆ ಬದಲಾಗುತ್ತಿರಬೇಕು, ಗೊಂಬೆ ಉಳಿಯಬೇಕು. ಹೊಲಿಗೆಯಿಂದ ಮಾತ್ರ ಅದು ಸಾಧ್ಯ.

ಉಡುಗೆಯ ವಿಷಯದಲ್ಲಿ ಎಷ್ಟು ನಿಷ್ಠೆ ಬೇಕೆಂಬುದಕ್ಕೆ ದೆಹಲಿಯ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವೇ ನಿದರ್ಶನ. ವ್ಯಂಗ್ಯಚಿತ್ರಕಾರ ಶಂಕರ್ ಅವರು ಕಟ್ಟಿ, 1965ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯು ಪರದೇಶದ ಗೊಂಬೆಗಳನ್ನು ಕೂಡಿಹಾಕುವುದಕ್ಕಷ್ಟೇ ತೃಪ್ತಿಪಡದೆ, ತನ್ನದೇ ಕಾರ್ಯಾಗಾರದಲ್ಲಿ ಭಾರತದ ನಾನಾ ಪ್ರಾಂತಗಳ ಸ್ತ್ರೀಪುರುಷರ ಉಡುಗೆತೊಡುಗೆಗಳನ್ನು ಅಭ್ಯಸಿಸಿ ಕೈಯಿಂದಲೇ ಗೊಂಬೆಗಳನ್ನು ಸಿದ್ಧಪಡಿಸಿತು. ಕೊಡಗಿನ ಸೀರೆಯ ನಿರಿಗೆ ಹಿಂದಕ್ಕೆ ಬೀಳುತ್ತದೆ, ಉತ್ತರ ಕರ್ನಾಟಕದ ಹಿರಿಯ ಹೆಂಗಸರು ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದೆಯುತ್ತಾರೆ ಎಂಬಂಥ ಭೇದಗಳನ್ನು ಬಲ್ಲ ಕೈಗೆ ನಮ್ಮಲ್ಲಿಯೂ ವಿಪುಲವಾದ ಕೆಲಸವಿದೆ.

ಉದ್ಯಮದ ದೃಷ್ಟಿಯಿಂದ ನೋಡಿದರೆ ನವರಾತ್ರಿಯೊಂದನ್ನೇ ನೆಚ್ಚಿಕೊಂಡವರು ಬಾಳುವುದು ಕಠಿಣ. ಒಂಬತ್ತು ದಿನಗಳ ಮಾರಾಟಕ್ಕಾಗಿ ಆಷಾಢದಿಂದಲೇ ಬಟ್ಟೆ, ಜರಿ, ಮುತ್ತು, ಮಣಿಗಳಿಗೆ ಹಣ ಹೂಡಬೇಕು. ಹಬ್ಬ ಕಳೆದ ಮೇಲೆ ಮಿಕ್ಕ ಸರಕು ವರ್ಷವಿಡೀ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಹೀಗಾಗಿ ಜಾಣರು ಪಂಚಾಂಗವನ್ನೇ ಲೆಕ್ಕದ ಪುಸ್ತಕವಾಗಿ ಮಾಡಿಕೊಂಡಿದ್ದಾರೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ನಿರಿಗೆ ಹಿಡಿದು ಹೊಲಿದ ಸಿದ್ಧ ಸೀರೆ, ಗೋಕುಲಾಷ್ಟಮಿಗೆ ಪುಟ್ಟ ಕೃಷ್ಣನ ಪೀತಾಂಬರ, ಭಾದ್ರಪದದಲ್ಲಿ ಗೌರಿಯ ಉಡುಗೆ, ಆಮೇಲೆ ದಸರೆ; ದೀಪಾವಳಿ ಕಳೆದರೆ ಮದುವೆಯ ತಟ್ಟೆಗಳ ಮೇಲಿಡುವ ವಧೂವರರ ಗೊಂಬೆಗಳು. ಇವುಗಳಲ್ಲೆಲ್ಲ ಮುಂಗಡವಿಲ್ಲದೆ ಕೆಲಸ ಹಿಡಿಯದಿರುವುದೇ ಒಳಿತು; ಹಬ್ಬದ ಹಿಂದಿನ ದಿನ ಬೇಡವೆಂದುಬಿಟ್ಟ ಉಡುಗೆಯ ಅಳತೆ ಇನ್ನೊಬ್ಬರ ಗೊಂಬೆಗೆ ಹೊಂದುವುದು ಅಪರೂಪ.

ಬೆಲೆ ಕಟ್ಟುವಲ್ಲಿ ನಮ್ಮ ಹೆಣ್ಣುಮಕ್ಕಳು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯವನ್ನು ಹೇಳದೆ ಇರಲಾರೆ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಒಂದು ಜೋಡಿಯ ಉಡುಗೆಗೆ ಬಟ್ಟೆ ಮಣಿಗಳ ವೆಚ್ಚ 300 ರೂಪಾಯಿ, ಓಡಾಟ ಮತ್ತು ಹಾಳಾದ ಸರಕಿನ ಪಾಲು 100 ರೂಪಾಯಿ, ಕೈಕೆಲಸಕ್ಕೆ 8 ಗಂಟೆ ಎಂದಿಟ್ಟುಕೊಂಡರೆ, 500 ರೂಪಾಯಿಗೆ ಅದನ್ನು ಮಾರಿದವಳಿಗೆ ಗಂಟೆಗೆ ಉಳಿಯುವುದು ಹನ್ನೆರಡೂವರೆ ರೂಪಾಯಿ. ಗಂಟೆಗೆ 75 ರೂಪಾಯಿಯ ಸಾಧಾರಣ ಕೂಲಿಯನ್ನಾದರೂ ಅವಳು ಪಡೆಯಬೇಕಾದರೆ ಬೆಲೆ 1000 ಆಗಲೇಬೇಕು. ಮನೆಯಲ್ಲಿ ಕುಳಿತು ಮಾಡಿದ ಕೆಲಸವೆಂಬ ಕಾರಣಕ್ಕೆ ಆ ಎಂಟು ಗಂಟೆಗಳನ್ನು ಲೆಕ್ಕದಿಂದ ಬಿಟ್ಟುಬಿಡುವ ಅಭ್ಯಾಸವೇ ಇಂಥ ಎಷ್ಟೋ ಉದ್ಯಮಗಳನ್ನು ಎರಡು ಮೂರು ವರ್ಷಗಳಲ್ಲಿ ಮುಚ್ಚಿಸುತ್ತದೆ.

ಮಕ್ಕಳು ಆಡುವ ಬಟ್ಟೆಯ ಗೊಂಬೆಗಳನ್ನು ಮಾಡುವವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ಕಣ್ಣಿಗೆ ಮಣಿ, ಗುಂಡಿಗಳನ್ನು ಹೊಲಿದರೆ ಅವು ಕಿತ್ತುಬಂದು ಎಳೆಯ ಮಗುವಿನ ಗಂಟಲಿಗೆ ಹೋದಾವು. ದಾರದಿಂದ ಕಸೂತಿ ಹಾಕಿದ ಕಣ್ಣೇ ಕ್ಷೇಮಕರ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೆ ಇದರಿಂದ ವಿನಾಯಿತಿಯನ್ನು ನೀಡಲಾಯಿತು. ಆದುದರಿಂದ ಆ ನೋಂದಣಿಯನ್ನು ಮೊದಲು ಮಾಡಿಸಿಕೊಳ್ಳುವುದು ವಿವೇಕ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಹೆಸರಿಸಿದ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ಹಾಗೂ ಆಟಿಕೆ ತಯಾರಿಕೆಯೂ ಒಂದಾಗಿದ್ದು, ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿಯವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ.

ಕೊಳ್ಳುವ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಪಟ್ಟದ ಗೊಂಬೆಗಳಿದ್ದು ಅವುಗಳ ಉಡುಗೆ ಜೀರ್ಣವಾಗಿದ್ದರೆ, ಹೊಸ ಜೋಡಿಯನ್ನು ಕೊಳ್ಳುವುದಕ್ಕೆ ಹೋಗಬೇಡಿ. ಮನೆಯಲ್ಲಿನ ಹಳೆಯ ರೇಷ್ಮೆ ಸೀರೆಯ ಒಂದು ತುಂಡಿನ ಸಮೇತ ಅವನ್ನು ಉಡಿಸಬಲ್ಲವರ ಕೈಗೆ ಶ್ರಾವಣಕ್ಕೆ ಮೊದಲೇ ಒಪ್ಪಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.